ನಮ್ಮ ಕೈಯಲ್ಲಿರುವ ಫೋನಿನ ಬೀಗದ ಕೈ ಯಾರ ಬಳಿ?

(ಸಂಘದ ವಾರ್ಷಿಕ ಸಭೆಯ ವಿದ್ಯಾರ್ಥಿ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಅಂದು ಆಡಿದ ಮಾತನ್ನು ಬರೆದು ಕೊಡಿ ಎಂದು ಸಂಚಿಕೆಯ ಸಂಪಾದಕರು ಕೇಳಿದ್ದರಿಂದ ಈ ಬರಹ. ಸಮಯದ ಅಭಾವದಿಂದ ಅಲ್ಲಿ ಬಿಟ್ಟುಹೋದ ಕೆಲವು ಸಂಗತಿಗಳನ್ನು ಇಲ್ಲಿ ಸೇರಿಸಿದ್ದೇನೆ. ಉಳಿದಂತೆ ಆಡಿದ್ದೇ ಬರೆದದ್ದು.

ಕಂಪ್ಯೂಟರ್ ಕಲಿಸುವ ಮೇಷ್ಟ್ರು ಮೈಕಿನ ಮುಂದೆ ನಿಂತರೆ ‘ಮಕ್ಕಳೇ, ಮೊಬೈಲ್ ಬಿಡಿ, ಪುಸ್ತಕ ಹಿಡಿಯಿರಿ’ ಎಂದು ಶುರು ಮಾಡುತ್ತಾರೆ ಎಂದು ಹಿಂದಿನ ಸಾಲಿನವರು ಅಂದುಕೊಂಡಿರಬಹುದು. ಇಂದು ಆ ಉಪದೇಶ ಇಲ್ಲ. ಉಪದೇಶ ಮಾಡುವ ಸ್ಥಿತಿಯಲ್ಲಿ ನಾನೂ ಇಲ್ಲ. ನಾನು ಒಂದು ತಪ್ಪನ್ನು ಒಪ್ಪಿಕೊಂಡು ಮಾತು ಆರಂಭಿಸಬೇಕಾಗಿದೆ.

ಎರಡು ವರ್ಷಗಳ ಹಿಂದೆ ಬಿಸಿಎ ಅಂತಿಮ ವರ್ಷದ ನನ್ನ ಮೂವರು ವಿದ್ಯಾರ್ಥಿಗಳು, ಇಬ್ಬರು ಹುಡುಗಿಯರು ಮತ್ತು ಒಬ್ಬ ಹುಡುಗ, ಒಂದು ಆಪ್ ತಯಾರಿಸಿದರು. ಯಾವ ವಿದ್ಯಾರ್ಥಿವೇತನಕ್ಕೆ ಯಾವಾಗ ಅರ್ಜಿ ಹಾಕಬೇಕು, ಯಾವ ಕಾಗದಪತ್ರ ಬೇಕು, ಆದಾಯ ಪ್ರಮಾಣಪತ್ರದ ಅವಧಿ ಮುಗಿದಿದ್ದರೆ ಏನು ಮಾಡಬೇಕು, ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ‘ಅರಿವು’ ಸಾಲಕ್ಕೆ ಯಾರು ಅರ್ಹರು, ಇಷ್ಟನ್ನು ಕನ್ನಡದಲ್ಲಿ ಹೇಳುವ ಸಣ್ಣ ಆಪ್. ಕೊನೆಯ ದಿನಾಂಕ ಹತ್ತಿರ ಬಂದರೆ ಗಂಟೆ ಬಾರಿಸುತ್ತದೆ. ನೆಟ್ ಇಲ್ಲದಿದ್ದರೂ ಕೆಲಸ ಮಾಡುತ್ತದೆ. ನಮ್ಮ ಮಕ್ಕಳಲ್ಲಿ ಎಷ್ಟೋ ಮಂದಿಗೆ ವಿದ್ಯಾರ್ಥಿವೇತನ ತಪ್ಪುವುದು ಅರ್ಹತೆ ಇಲ್ಲದ್ದರಿಂದ ಅಲ್ಲ, ದಿನಾಂಕ ತಿಳಿಯದೆ. ಅದು ಈ ಸಂಘದ ಸದಸ್ಯರಿಗೆ ನಾನು ಹೇಳಿಕೊಡಬೇಕಾದ ವಿಷಯವಲ್ಲ.

ಆಪನ್ನು ಗೂಗಲ್‌ನ ಪ್ಲೇ ಸ್ಟೋರ್‌ಗೆ ಹಾಕಬೇಕೆಂದರೆ 25 ಡಾಲರ್ ಶುಲ್ಕ. ಅದೇನೂ ಮಹಾ ಅಲ್ಲ. ಹೊಸಬರು ವೈಯಕ್ತಿಕ ಖಾತೆ ತೆರೆದರೆ ಮೊದಲು ಹನ್ನೆರಡು ಮಂದಿಯ ಫೋನಿನಲ್ಲಿ ಹದಿನಾಲ್ಕು ದಿನ ನಿರಂತರವಾಗಿ ಪರೀಕ್ಷೆ ನಡೆಸಿ ತೋರಿಸಬೇಕು; ಆ ಮೇಲೆ ಅವರ ಪರಿಶೀಲನೆ. ಅರ್ಜಿಯ ಕೊನೆಯ ದಿನಾಂಕಕ್ಕೆ ಮೂರು ವಾರ ಮಾತ್ರ ಉಳಿದಿತ್ತು. ‘ಸರ್, ಎಪಿಕೆ ಕಡತವನ್ನು ನೇರವಾಗಿ ವಾಟ್ಸ್‌ಆಪ್‌ನಲ್ಲಿ ಕಳಿಸೋಣ’ ಎಂದಳು ಹುಡುಗಿ. ನಾನು ಒಪ್ಪಿದೆ. ಪೋಷಕರ ಸಭೆ ಕರೆದು, ಗೋಡೆಯ ಮೇಲೆ ಪರದೆ ಇಳಿಬಿಟ್ಟು, ಹೇಗೆ ಹಾಕಿಕೊಳ್ಳಬೇಕೆಂದು ಹಂತಹಂತವಾಗಿ ತೋರಿಸಿದವನು ನಾನೇ. ಸೆಟ್ಟಿಂಗ್‌ಗೆ ಹೋಗಿ, ವಾಟ್ಸ್‌ಆಪ್‌ನಿಂದ ಬಂದ ಆಪ್‌ಗಳನ್ನು ಹಾಕಿಕೊಳ್ಳಲು ಅನುಮತಿ ಕೊಡಿ. ಕೆಂಪು ಎಚ್ಚರಿಕೆ ಬಂದರೆ ಹೆದರಬೇಡಿ, ‘ಆದರೂ ಇನ್‌ಸ್ಟಾಲ್ ಮಾಡಿ’ ಎಂಬುದನ್ನು ಒತ್ತಿ. ಕೆಲವರ ಫೋನಿನಲ್ಲಿ ಆಗಲೂ ಆಗಲಿಲ್ಲ. ಅವರಿಗೆ ಪ್ಲೇ ಪ್ರೊಟೆಕ್ಟ್ ಎಂಬ ಕಾವಲನ್ನೇ ಆಫ್ ಮಾಡಲು ಹೇಳಿದೆ. ಎಲ್ಲರ ಫೋನಿನಲ್ಲೂ ಆಪ್ ಕುಳಿತಿತು, ಚಹಾ ಕುಡಿದು ಮನೆಗೆ ಹೋದೆವು. ಆ ವರ್ಷ ಅರ್ಜಿ ಹಾಕಿದವರ ಸಂಖ್ಯೆ ಹೆಚ್ಚಿತು, ನನಗೂ ಸಂತೋಷವಾಯಿತು.

ಆನ್ ಮಾಡಿದ ಅನುಮತಿಯನ್ನು ಮತ್ತೆ ಆಫ್ ಮಾಡಿ ಎಂದು ಹೇಳಲು ಮರೆತಿದ್ದೆ.

ಆ ಸಭೆಗೆ ದಿನಸಿ ಅಂಗಡಿಯ ಒಬ್ಬ ಹಿರಿಯರು ಮೊಮ್ಮಗಳ ಜೊತೆ ಬಂದಿದ್ದರು. ಊರಿನವರೆಲ್ಲ ಕಾಕ ಎಂದು ಕರೆಯುವವರು. ಸುಮಾರು ಎರಡು ತಿಂಗಳ ನಂತರ ಅವರ ಫೋನಿಗೆ, ಪರಿಚಯದವರೊಬ್ಬರ ನಂಬರಿನಿಂದಲೇ, ಮದುವೆಯ ಆಮಂತ್ರಣ ಎಂಬ ಹೆಸರಿನ ಒಂದು ಕಡತ ಬಂತು. ಅದು ಚಿತ್ರವಲ್ಲ, ಎಪಿಕೆ. ಕಳಿಸಿದ್ದು ಆ ಪರಿಚಯದವರೂ ಅಲ್ಲ. ಅವರ ಫೋನು ಅದಾಗಲೇ ಕಳ್ಳರ ಕೈಗೆ ಹೋಗಿತ್ತು. ಕಾಕ ಒತ್ತಿದರು. ಫೋನು ತಡೆಯಲಿಲ್ಲ, ತಡೆಯುವ ಕಾವಲನ್ನು ನಾನು ತೆಗೆಸಿದ್ದೆನಲ್ಲ. ಎಸ್‌ಎಂಎಸ್ ಓದಲು ಅನುಮತಿ ಕೇಳಿತು, ಕೊಟ್ಟರು. ನಂತರ ಬ್ಯಾಂಕಿನಿಂದ ಬರುವ ಒಟಿಪಿಗಳೆಲ್ಲ ಸದ್ದಿಲ್ಲದೆ ಇನ್ನೆಲ್ಲಿಗೋ ಹೋಗತೊಡಗಿದವು. ಎರಡೇ ದಿನದಲ್ಲಿ ಎಂಬತ್ತು ಸಾವಿರಕ್ಕೂ ಹೆಚ್ಚು ರೂಪಾಯಿ ಖಾಲಿ. ಮೊಮ್ಮಗಳ ಕಾಲೇಜು ಸೇರ್ಪಡೆಗೆ ಇಟ್ಟಿದ್ದ ಹಣ. 1930ಕ್ಕೆ ಫೋನ್ ಮಾಡಿ ದೂರು ಕೊಟ್ಟೆವು. ಸ್ವಲ್ಪ ಭಾಗ ತಡೆಹಿಡಿಯಲಾಗಿ ವಾಪಸು ಬಂತು, ಹೆಚ್ಚಿನದು ಬರಲಿಲ್ಲ. ಕಾಕ ನನ್ನನ್ನು ಬಯ್ಯಲಿಲ್ಲ. ‘ಮಾಸ್ಟ್ರೇ, ನೀವು ತೋರಿಸಿದ ಹಾಗೆಯೇ ಒತ್ತಿದ್ದು’ ಎಂದರು, ಅಷ್ಟೇ.

ಇಷ್ಟನ್ನು ಮೊದಲೇ ಹೇಳಲು ಕಾರಣವಿದೆ. 2025ರ ಆಗಸ್ಟ್‌ನಲ್ಲಿ ಗೂಗಲ್ ಒಂದು ಘೋಷಣೆ ಮಾಡಿತು. ಇನ್ನು ಮುಂದೆ ಗೂಗಲ್‌ನ ಪ್ರಮಾಣೀಕರಣ ಪಡೆದ ಆಂಡ್ರಾಯ್ಡ್ ಫೋನುಗಳಲ್ಲಿ, ಅಂದರೆ ನಮ್ಮ ನಿಮ್ಮ ಜೇಬಿನಲ್ಲಿರುವ ಬಹುತೇಕ ಎಲ್ಲ ಫೋನುಗಳಲ್ಲಿ, ಆಪ್ ಎಲ್ಲಿಂದ ಬಂದದ್ದೇ ಆಗಲಿ, ಅದನ್ನು ಮಾಡಿದವರು ತಮ್ಮ ನಿಜವಾದ ಗುರುತನ್ನು ಗೂಗಲ್‌ನಲ್ಲಿ ನೋಂದಾಯಿಸಿರಬೇಕು. 2026ರ ಸೆಪ್ಟೆಂಬರ್‌ನಿಂದ ಬ್ರೆಜಿಲ್, ಇಂಡೋನೇಷ್ಯಾ, ಸಿಂಗಾಪುರ, ಥಾಯ್ಲೆಂಡ್‌ಗಳಲ್ಲಿ, 2027ರಿಂದ ಉಳಿದ ದೇಶಗಳಲ್ಲಿ ಹಂತಹಂತವಾಗಿ ಎಂಬುದು ಆ ಘೋಷಣೆಯಲ್ಲಿದ್ದ ವೇಳಾಪಟ್ಟಿ. ಅಂತರ್ಜಾಲದಿಂದ ನೇರವಾಗಿ ಇಳಿಸಿಕೊಳ್ಳುವ ಮೂಲಗಳಲ್ಲಿ ಪ್ಲೇ ಸ್ಟೋರ್‌ಗಿಂತ ಐವತ್ತು ಪಟ್ಟಿಗೂ ಹೆಚ್ಚು ಕೆಟ್ಟ ತಂತ್ರಾಂಶ ತಮಗೆ ಸಿಕ್ಕಿದೆ ಎಂದು ಅವರು ಕಾರಣ ಕೊಟ್ಟರು. ಸ್ವತಂತ್ರ ತಂತ್ರಾಂಶದವರು ಬಹಳ ಗದ್ದಲ ಮಾಡಿದರು. ಹಿಂದಿನ ನಾನಾಗಿದ್ದರೆ ಅದೇ ದಿನ ಆ ಗದ್ದಲಕ್ಕೆ ದನಿ ಸೇರಿಸುತ್ತಿದ್ದೆ. ಆದರೆ ಕಾಕನ ಅಂಗಡಿಯ ಮುಂದೆ ದಿನಾ ಹಾದುಹೋಗುವವನಿಗೆ ಅದು ಅಷ್ಟು ಸುಲಭವಲ್ಲ.

ಸ್ವಲ್ಪ ಹಿಂದಕ್ಕೆ ಹೋಗೋಣ. ಇಲ್ಲಿರುವ ಹಿರಿಯರಿಗೆ ನೆನಪಿರಬಹುದು, ದುಬೈಯಿಂದಲೋ ದಮ್ಮಾಮಿನಿಂದಲೋ ಬಂದವರ ಪೆಟ್ಟಿಗೆಯಲ್ಲಿ ನೋಕಿಯಾ ಫೋನು ಬರುತ್ತಿದ್ದ ಕಾಲ. ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದ ಆಸುಪಾಸಿನ ಮೊಬೈಲ್ ಅಂಗಡಿಗಳಲ್ಲಿ ಹತ್ತಿಪ್ಪತ್ತು ರೂಪಾಯಿ ಕೊಟ್ಟರೆ ಮೆಮೊರಿ ಕಾರ್ಡಿಗೆ ಹಾಡು, ಆಟ, ನಿಘಂಟು ಎಲ್ಲ ತುಂಬಿಸಿ ಕೊಡುತ್ತಿದ್ದರು. ಒಬ್ಬನ ಫೋನಿನಲ್ಲಿ ಒಳ್ಳೆಯ ಆಟವಿದ್ದರೆ ಬ್ಲೂಟೂತ್‌ನಲ್ಲಿ ಇಡೀ ತರಗತಿಗೆ ಹಬ್ಬುತ್ತಿತ್ತು. ವೈರಸ್ಸೂ ಹಾಗೆಯೇ ಹಬ್ಬುತ್ತಿತ್ತು ಎನ್ನಿ. ನಂತರ ಎನ್73 ಮಾದರಿಯ ಫೋನುಗಳು ಬಂದಾಗ ಮೊದಲ ಬೀಗ ಬಿತ್ತು. ಆಪ್‌ಗೆ ಸಿಂಬಿಯನ್‌ನವರ ಸಹಿ ಇಲ್ಲದಿದ್ದರೆ ‘ಸರ್ಟಿಫಿಕೇಟ್ ಸರಿಯಿಲ್ಲ’ ಎಂದು ಫೋನು ತಳ್ಳಿಹಾಕುತ್ತಿತ್ತು. ಹುಡುಗರು ಅದಕ್ಕೂ ಉಪಾಯ ಕಂಡುಕೊಂಡರು. ಸರ್ಟಿಫಿಕೇಟಿನ ಅವಧಿ ಮುಗಿದಿದ್ದರೆ ಫೋನಿನ ದಿನಾಂಕವನ್ನು ಹಿಂದಕ್ಕೆ ತಿರುಗಿಸಿ ಆಪ್ ಹಾಕಿ, ಮತ್ತೆ ದಿನಾಂಕ ಸರಿಪಡಿಸುವುದು. ಆ ಹುಡುಗರಲ್ಲಿ ನಾನೂ ಒಬ್ಬ.

2007ರಲ್ಲಿ ಐಫೋನ್ ಬಂದಾಗ ಹೊರಗಿನವರ ಆಪ್‌ಗೆ ಅದರಲ್ಲಿ ಜಾಗವೇ ಇರಲಿಲ್ಲ. ಬ್ರೌಸರ್‌ನಲ್ಲಿ ಓಡುವ ಪುಟ ಮಾಡಿ, ಸಾಕು ಎಂದರು ಸ್ಟೀವ್ ಜಾಬ್ಸ್. ಅದೇ ವರ್ಷ ಮನಸ್ಸು ಬದಲಾಯಿತು. 2008ರ ಜುಲೈ 10ರಂದು ಐನೂರು ಆಪ್‌ಗಳೊಂದಿಗೆ ಆಪ್ ಸ್ಟೋರ್ ತೆರೆಯಿತು. ಒಂದೇ ಬಾಗಿಲು, ಬಾಗಿಲಲ್ಲಿ ಪರಿಶೀಲನೆ, ಮಾರಾಟವಾದ ನೂರು ರೂಪಾಯಿಯಲ್ಲಿ ಮೂವತ್ತು ಬಾಗಿಲು ಕಾಯುವವರಿಗೆ. ಇದನ್ನು ಕೇವಲ ದುರಾಸೆ ಎಂದು ತಳ್ಳಿಹಾಕುವಂತಿಲ್ಲ. ಅದುವರೆಗೆ ಆಪ್ ಮಾರುವುದೆಂದರೆ ಒಂದೊಂದು ಮೊಬೈಲ್ ಸೇವಾ ಕಂಪೆನಿಯ ಕಾಲು ಹಿಡಿಯುವ ಕೆಲಸವಾಗಿತ್ತು. ಒಬ್ಬ ಹುಡುಗ ಕೋಣೆಯಲ್ಲಿ ಕುಳಿತು ಮಾಡಿದ ಆಪ್ ಇಡೀ ಲೋಕಕ್ಕೆ ತಲುಪುವ ದಾರಿ ಆಗ ತೆರೆಯಿತು. ಅದೇ ವರ್ಷದ ಕೊನೆಗೆ ಬಂದ ಆಂಡ್ರಾಯ್ಡ್ ಇನ್ನೊಂದು ಹಾದಿ ಹಿಡಿಯಿತು. ಅಲ್ಲೂ ಅಂಗಡಿ ಇತ್ತು, ಆದರೆ ಹಿತ್ತಲ ಬಾಗಿಲನ್ನು ಮುಚ್ಚಲಿಲ್ಲ. ‘ಅಪರಿಚಿತ ಮೂಲಗಳು’ ಎಂಬ ಒಂದು ಗುಂಡಿ ಇತ್ತು. 2017ರಲ್ಲಿ ಬಂದ ಎಂಟನೆಯ ಆವೃತ್ತಿಯಿಂದ ಆ ಒಂದು ಗುಂಡಿಯ ಬದಲು, ಯಾವ ಆಪ್ ಮೂಲಕ ಬಂದದ್ದನ್ನು ಒಳಬಿಡಬೇಕೆಂದು ಒಂದೊಂದಕ್ಕೂ ಬೇರೆಬೇರೆ ಅನುಮತಿ ಕೊಡುವಂತಾಯಿತು. ಕಾಕನ ಫೋನಿನಲ್ಲಿ ವಾಟ್ಸ್‌ಆಪ್‌ಗೆ ಕೊಟ್ಟಿದ್ದ ಅನುಮತಿ ಅದೇ.

ವಿದ್ಯಾರ್ಥಿಗಳಿಗಾಗಿ ಸ್ವಲ್ಪ ಒಳಗಿನ ವಿಷಯ ಹೇಳುತ್ತೇನೆ. ಪ್ರತಿಯೊಂದು ಎಪಿಕೆಗೂ ಅದನ್ನು ಮಾಡಿದವರ ಡಿಜಿಟಲ್ ಮೊಹರು ಇರುತ್ತದೆ. ಮೊಹರು ಒತ್ತುವ ಗುಟ್ಟಿನ ಕೀಲಿ ಮಾಡಿದವರ ಹತ್ತಿರ ಮಾತ್ರ. ನೀವು ಹೊಸ ಆವೃತ್ತಿ ಹಾಕುವಾಗ ಫೋನು ಹಳೆಯ ಮೊಹರಿಗೂ ಹೊಸದಕ್ಕೂ ತಾಳೆ ನೋಡುತ್ತದೆ. ಹೊಂದದಿದ್ದರೆ ಒಳಗೆ ಬಿಡುವುದಿಲ್ಲ. ಹೀಗಾಗಿ ನನ್ನ ಆಪ್‌ನ ಹೆಸರಿನಲ್ಲಿ ಬೇರೆಯವನು ಮಾಡಿದ ನಕಲಿ ಆವೃತ್ತಿ ನನ್ನದರ ಮೇಲೆ ಕೂರಲಾರದು. ಆದರೆ ಆ ಮೊಹರು ಯಾರದು ಎಂದು ಫೋನು ಯಾವತ್ತೂ ಕೇಳಿರಲಿಲ್ಲ. ಎರಡು ಪತ್ರಗಳನ್ನೂ ಬರೆದವನು ಒಬ್ಬನೇ ಎಂದು ಗೊತ್ತು, ಅವನ ಹೆಸರು, ಮನೆ ಗೊತ್ತಿಲ್ಲ. ಹೊಸ ನಿಯಮ ಮುಟ್ಟುವುದು ಇಲ್ಲಿಗೆ. ಮೊಹರು ಮತ್ತು ಆಪ್‌ನ ಹೆಸರು ಎರಡನ್ನೂ ಒಬ್ಬ ವ್ಯಕ್ತಿಯ ಹೆಸರು, ವಿಳಾಸ, ಇಮೇಲ್, ಫೋನ್ ನಂಬರಿಗೆ ಕಟ್ಟಬೇಕು. ಅಗತ್ಯವೆನಿಸಿದರೆ ಸರಕಾರಿ ಗುರುತಿನ ಚೀಟಿಯನ್ನೂ ಕೊಡಬೇಕು. ಆಪ್‌ನೊಳಗೆ ಏನಿದೆ ಎಂದು ಇದರಲ್ಲಿ ನೋಡುವುದಿಲ್ಲ, ಮಾಡಿದವರು ಯಾರೆಂದು ಮಾತ್ರ ನೋಡುತ್ತೇವೆ ಎಂಬುದು ಗೂಗಲ್‌ನ ವಿವರಣೆ. ವಿಮಾನ ನಿಲ್ದಾಣದಲ್ಲಿ ಗುರುತಿನ ಚೀಟಿ ನೋಡುವಂತೆ, ಬ್ಯಾಗು ಬಿಚ್ಚುವಂತೆ ಅಲ್ಲ ಎಂದು ಅವರೇ ಹೋಲಿಕೆಯನ್ನೂ ಕೊಟ್ಟಿದ್ದಾರೆ.

ಹೋಲಿಕೆ ಚೆನ್ನಾಗಿದೆ. ಆದರೆ ಬ್ಯಾಗು ಬಿಚ್ಚಿ ನೋಡುತ್ತಿದ್ದ ದೊಡ್ಡ ಬಾಗಿಲಲ್ಲಿ ಏನೇನು ಒಳಬಂದಿದೆ ಎಂಬುದನ್ನೂ ನಾವು ನೋಡಿದ್ದೇವೆ. ಕೊರೋನಾ ಕಾಲದಲ್ಲಿ ಐದು ಸಾವಿರ, ಹತ್ತು ಸಾವಿರ ಸಾಲ ಕೊಟ್ಟು, ಫೋನಿನಲ್ಲಿದ್ದ ನಂಬರುಗಳಿಗೆಲ್ಲ ಕರೆ ಮಾಡಿ ಮಾನ ಕಳೆದ ಸಾಲದ ಆಪ್‌ಗಳು ನೆನಪಿವೆಯೇ? ಹೆಚ್ಚಿನವರು ಅವನ್ನು ಪಡೆದದ್ದು ವಾಟ್ಸ್‌ಆಪ್ ಕಡತದಿಂದ ಅಲ್ಲ, ಪ್ಲೇ ಸ್ಟೋರ್‌ನಿಂದ. ರಿಸರ್ವ್ ಬ್ಯಾಂಕಿನ ಕಾರ್ಯತಂಡ 2021ರ ಮೊದಲ ಎರಡು ತಿಂಗಳಲ್ಲಿ ಎಂಬತ್ತಕ್ಕೂ ಹೆಚ್ಚು ಆಪ್ ಅಂಗಡಿಗಳನ್ನು ಜಾಲಾಡಿದಾಗ ಸುಮಾರು 1100 ಸಾಲದ ಆಪ್‌ಗಳು ಕಂಡವು, ಅವುಗಳಲ್ಲಿ 600 ಅಕ್ರಮ. 2021ರ ಏಪ್ರಿಲ್‌ನಿಂದ 2022ರ ಜುಲೈವರೆಗೆ ಗೂಗಲ್ ತನ್ನ ಅಂಗಡಿಯಿಂದ 2500ಕ್ಕೂ ಹೆಚ್ಚು ಸಾಲದ ಆಪ್‌ಗಳನ್ನು ತೆಗೆದುಹಾಕಿತೆಂದು ಕೇಂದ್ರ ಸರಕಾರ ಸಂಸತ್ತಿಗೆ ತಿಳಿಸಿತು. ತೆಗೆದದ್ದು ಒಳ್ಳೆಯದೇ. ಅಷ್ಟೊಂದು ಒಳಗೆ ಹೇಗೆ ಬಂತು ಎಂದೂ ಕೇಳಬೇಕಲ್ಲವೇ?

ಇನ್ನೊಂದು ನಮಗೆ ಇನ್ನೂ ಹತ್ತಿರದ್ದು. ನಮಾಝಿನ ಸಮಯ, ಕಿಬ್ಲಾದ ದಿಕ್ಕು ತೋರಿಸುವ ಮುಸ್ಲಿಂ ಪ್ರೊ ಎಂಬ ಆಪ್ ನಿಮ್ಮಲ್ಲಿ ಅನೇಕರ ಫೋನಿನಲ್ಲಿ ಇದ್ದಿರಬಹುದು. ಎರಡೂ ದೊಡ್ಡ ಅಂಗಡಿಗಳ ಪರಿಶೀಲನೆ ದಾಟಿ ಬಂದ ಆಪ್ ಅದು. 2020ರ ನವೆಂಬರ್‌ನಲ್ಲಿ ಅಮೆರಿಕದ ಪತ್ರಕರ್ತರು ಒಂದು ಸಂಗತಿಯನ್ನು ಬಯಲಿಗೆಳೆದರು. ಬಳಸುವವರು ಎಲ್ಲಿದ್ದಾರೆ ಎಂಬ ಮಾಹಿತಿ ಆ ಆಪ್‌ನಿಂದ ಎಕ್ಸ್-ಮೋಡ್ ಎಂಬ ಕಂಪೆನಿಗೆ ಹೋಗುತ್ತಿತ್ತು. ಆ ಕಂಪೆನಿಯಿಂದ ಅಂಥ ಮಾಹಿತಿ ಕೊಳ್ಳುತ್ತಿದ್ದವರಲ್ಲಿ ಅಮೆರಿಕದ ಸೇನೆಗೆ ಕೆಲಸ ಮಾಡುವ ಗುತ್ತಿಗೆದಾರರೂ ಇದ್ದರು. ಸುದ್ದಿ ಹೊರಬಿದ್ದ ಮೇಲೆ ಆಪ್‌ನವರು ಆ ಸಂಬಂಧ ಕಡಿದುಕೊಂಡರು, ಗೂಗಲ್ ಮತ್ತು ಆಪಲ್ ಎಕ್ಸ್-ಮೋಡ್‌ನ ತಂತ್ರಾಂಶವನ್ನು ನಿಷೇಧಿಸಿದವು. ಇಲ್ಲಿ ಗುರುತಿನ ಚೀಟಿ ಎಲ್ಲ ಸರಿಯಾಗಿತ್ತು. ಯಾರ ಆಪ್ ಎಂದು ಎಲ್ಲರಿಗೂ ಗೊತ್ತಿತ್ತು. ಆ ಮಾಹಿತಿ ಎಲ್ಲಿಗೆ ಹೋಗುತ್ತಿದೆ ಎಂಬುದು ಮಾತ್ರ ಗೊತ್ತಿರಲಿಲ್ಲ.

ಒಂದೇ ಬಾಗಿಲು ಇರುವಲ್ಲಿ ಇನ್ನೊಂದು ಅಪಾಯವಿದೆ. ಬಾಗಿಲು ಕಾಯುವವನ ಕಿವಿಯಲ್ಲಿ ಬೇರೆಯವರು ಮಾತಾಡಿದರೆ ಏನಾಗುತ್ತದೆ? 2021ರ ಅಕ್ಟೋಬರ್‌ನಲ್ಲಿ ಚೀನಾದ ಐಫೋನುಗಳ ಆಪ್ ಸ್ಟೋರ್‌ನಿಂದ ಕುರ್‌ಆನ್ ಮಜೀದ್ ಎಂಬ ಆಪ್ ಮಾಯವಾಯಿತು. ಜಗತ್ತಿನಲ್ಲಿ ಮೂರೂವರೆ ಕೋಟಿ ಮುಸ್ಲಿಮರು ಬಳಸುತ್ತಾರೆ ಎನ್ನಲಾದ ಆಪ್. ಅದರಲ್ಲಿ ಅಲ್ಲಿನ ಕಾನೂನಿಗೆ ಒಪ್ಪದ ಧಾರ್ಮಿಕ ಪಠ್ಯವಿದೆ ಎಂಬುದು ಚೀನಾದ ಅಧಿಕಾರಿಗಳು ಕೊಟ್ಟ ಕಾರಣವೆಂದು ವರದಿಯಾಯಿತು. ಅದೇ ತಿಂಗಳು ಒಂದು ಬೈಬಲ್ ಆಪ್ ಕೂಡ ಅಲ್ಲಿಂದ ಹೋಯಿತು. 2017ರಲ್ಲಿ ವಿಪಿಎನ್ ಆಪ್‌ಗಳು ಹೀಗೆಯೇ ಹೋಗಿದ್ದವು. ಐಫೋನಿಗೆ ಅಲ್ಲಿ ಹಿತ್ತಲ ಬಾಗಿಲಿಲ್ಲ. ಆದ್ದರಿಂದ ಸರಕಾರ ಲಕ್ಷಾಂತರ ಮನೆಗಳಿಗೆ ಪೊಲೀಸರನ್ನು ಕಳಿಸಬೇಕಾಗಿರಲಿಲ್ಲ, ಒಂದು ಕಚೇರಿಗೆ ಒಂದು ಪತ್ರ ಬರೆದರೆ ಸಾಕಾಗಿತ್ತು. ಇದರಲ್ಲಿ ಆಪಲ್‌ನದ್ದು ಎಷ್ಟು ತಪ್ಪು, ಚೀನಾದ್ದು ಎಷ್ಟು ಎಂದು ತೂಗುತ್ತಾ ಕೂರುವುದಕ್ಕಿಂತ, ಒಂದೇ ಕಡೆ ಬೀಗ ಇಟ್ಟರೆ ಅದು ಎಂಥ ಅನುಕೂಲದ ವಸ್ತುವಾಗುತ್ತದೆ ಎಂದು ಗಮನಿಸಿ.

ನಮ್ಮ ದೇಶದಲ್ಲಿ ಬಾಗಿಲು ಹಣದ ವಿಷಯಕ್ಕೂ ಮುಚ್ಚಿದೆ. 2020ರ ಸೆಪ್ಟೆಂಬರ್ 18ರಂದು ಪೇಟಿಎಂ ಕೆಲವು ಗಂಟೆಗಳ ಕಾಲ ಪ್ಲೇ ಸ್ಟೋರ್‌ನಿಂದ ಹೊರಬಿತ್ತು; ಜೂಜಿನ ನಿಯಮ ಮೀರಿದ್ದು ಕಾರಣ ಎಂದರು. 2024ರ ಮಾರ್ಚ್ 1ರಂದು ಶುಲ್ಕದ ತಗಾದೆಯಲ್ಲಿ ಹತ್ತು ಭಾರತೀಯ ಕಂಪೆನಿಗಳ ಆಪ್‌ಗಳನ್ನು ತೆಗೆದರು. ಉದ್ಯೋಗ ಹುಡುಕುವ ನೌಕ್ರಿ, ಭಾರತ್ ಮ್ಯಾಟ್ರಿಮನಿ, ಜೊತೆಗೆ ಮುಸ್ಲಿಂ ಮ್ಯಾಟ್ರಿಮನಿ ಕೂಡ. ಆ ವಾರ ನಮ್ಮೂರಿನ ಮದುವೆ ದಲ್ಲಾಳಿಗಳಿಗೆ ಖುಷಿಯಾಗಿರಬೇಕು. ಕೇಂದ್ರ ಸರಕಾರ ಮಧ್ಯೆ ಪ್ರವೇಶಿಸಿದ ಮೇಲೆ ಕೆಲವೇ ದಿನಗಳಲ್ಲಿ ಅವು ಮರಳಿದವು. ದೊಡ್ಡ ಕಂಪೆನಿಗಳಿಗೆ ಮಂತ್ರಿಗಳ ಬಾಗಿಲು ತಟ್ಟಲು ಆಗುತ್ತದೆ. ಬಿಸಿಎ ಹುಡುಗಿ ಯಾರ ಬಾಗಿಲು ತಟ್ಟಬೇಕು?

ಈ ಪ್ರಶ್ನೆಗೆ ಸಿಕ್ಕ ಒಂದು ಉತ್ತರವನ್ನು ಕಾನೂನು ಓದುವ ಮಕ್ಕಳು ಗಮನವಿಟ್ಟು ಕೇಳಿ. ಆಂಡ್ರಾಯ್ಡ್ ವಿಷಯದಲ್ಲಿ ಗೂಗಲ್ ವಿರುದ್ಧ ಭಾರತೀಯ ಸ್ಪರ್ಧಾ ಆಯೋಗದ ಮುಂದೆ ದೂರು ಕೊಂಡೊಯ್ದವರು ಯಾವ ಎದುರಾಳಿ ಕಂಪೆನಿಯವರೂ ಅಲ್ಲ. ಉಮರ್ ಜಾವೀದ್, ಸುಕರ್ಮಾ ಥಾಪರ್, ಆಕಿಬ್ ಜಾವೀದ್ ಎಂಬ ಮೂವರು ಯುವಜನರು. ಕಾನೂನು ಓದಿದವರು, ಓದುತ್ತಿದ್ದವರು. ದೂರಿಗೆ 2018ರ ಸಂಖ್ಯೆ ಬಿತ್ತು, 2019ರಲ್ಲಿ ಆಯೋಗ ತನಿಖೆಗೆ ಆದೇಶಿಸಿತು. 2022ರ ಅಕ್ಟೋಬರ್ 20ರಂದು 1337.76 ಕೋಟಿ ರೂಪಾಯಿ ದಂಡ ವಿಧಿಸಿ, ಏನೇನು ಬದಲಾಗಬೇಕೆಂದು ಪಟ್ಟಿಯನ್ನೂ ಕೊಟ್ಟಿತು. ಹೊರಗಿನಿಂದ ನೇರವಾಗಿ ಆಪ್ ಹಾಕಿಕೊಳ್ಳುವುದನ್ನು ತಡೆಯಬಾರದು ಎಂಬುದೂ ಆ ಪಟ್ಟಿಯಲ್ಲಿತ್ತು. ಮೇಲ್ಮನವಿ ಹೋಯಿತು. 2023ರ ಮಾರ್ಚ್‌ನಲ್ಲಿ ರಾಷ್ಟ್ರೀಯ ಕಂಪನಿ ಕಾನೂನು ಮೇಲ್ಮನವಿ ನ್ಯಾಯಮಂಡಳಿ ದಂಡವನ್ನು ಎತ್ತಿಹಿಡಿದು, ನಿರ್ದೇಶನಗಳಲ್ಲಿ ನಾಲ್ಕನ್ನು ರದ್ದು ಮಾಡಿತು. ನಾನು ಈಗ ಹೇಳಿದ ನಿರ್ದೇಶನ ಆ ನಾಲ್ಕರಲ್ಲಿ ಒಂದು. ಆದ್ದರಿಂದ ಜಯ ಎಂದು ಪಟಾಕಿ ಹೊಡೆಯುವಂತಿಲ್ಲ. ಆದರೂ ಮೂವರು ಯುವಜನರ ಅರ್ಜಿಯಿಂದಾಗಿ ಫೋನು ತಯಾರಕರ ಜೊತೆಗಿನ ಒಪ್ಪಂದಗಳನ್ನು ಗೂಗಲ್ ಈ ದೇಶದಲ್ಲಿ ಬದಲಿಸಬೇಕಾಗಿ ಬಂದದ್ದು ಸಣ್ಣ ಸಂಗತಿಯಲ್ಲ.

ಹೊರದೇಶಗಳ ಕಥೆ ಬೇಗ ಮುಗಿಸುತ್ತೇನೆ. ಯುರೋಪಿನ ಹೊಸ ಕಾನೂನಿನಿಂದಾಗಿ 2024ರ ಮಾರ್ಚ್‌ನಿಂದ ಅಲ್ಲಿನ ಐಫೋನುಗಳಲ್ಲಿ ಬೇರೆ ಆಪ್ ಅಂಗಡಿಗಳಿಗೂ ಜಾಗ ಸಿಕ್ಕಿತು. ಜಪಾನಿನಲ್ಲಿ ಅಂಥದೇ ಕಾನೂನು 2025ರ ಡಿಸೆಂಬರ್‌ನಲ್ಲಿ ಪೂರ್ಣವಾಗಿ ಜಾರಿಗೆ ಬಂತು. ಅಮೆರಿಕದಲ್ಲಿ ಫೋರ್ಟ್‌ನೈಟ್ ಆಟದ ಎಪಿಕ್ ಕಂಪೆನಿ 2020ರಿಂದ ಇಬ್ಬರ ಮೇಲೂ ಮೊಕದ್ದಮೆ ಹೂಡಿ, ಗೂಗಲ್ ವಿರುದ್ಧ 2023ರ ಡಿಸೆಂಬರ್‌ನಲ್ಲಿ ಜ್ಯೂರಿ ಮುಂದೆ ಗೆದ್ದಿತು. ವಿಚಿತ್ರ ನೋಡಿ, ನ್ಯಾಯಾಲಯಗಳು ಆಪಲ್‌ಗೆ ಬಾಗಿಲು ತೆರೆ ಎನ್ನುತ್ತಿದ್ದ ಹೊತ್ತಿನಲ್ಲೇ, ತೆರೆದಿಟ್ಟಿದ್ದ ಆಂಡ್ರಾಯ್ಡ್ ಬಾಗಿಲಿಗೆ ಅಗುಳಿ ಹಾಕುವ ಘೋಷಣೆ ಬಂತು.

ಹಾಗಾದರೆ ಕಾಕನಂಥವರಿಗೆ ರಕ್ಷಣೆ ಬೇಡವೇ ಎಂದು ನೀವು ಕೇಳುತ್ತೀರಿ. ಬೇಕು. ಈ ವಿಷಯದಲ್ಲಿ ಗೂಗಲ್‌ನವರೇ ಮಾಡಿದ ಒಂದು ಒಳ್ಳೆಯ ಕೆಲಸವಿದೆ, ಅದನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. 2024ರ ಫೆಬ್ರವರಿಯಲ್ಲಿ ಸಿಂಗಾಪುರದಲ್ಲಿ, ನಂತರ ಅದೇ ವರ್ಷ ಭಾರತದಲ್ಲೂ ಒಂದು ಪ್ರಯೋಗ ಪ್ರಕಟಿಸಿದರು. ಬ್ರೌಸರ್‌ನಿಂದಲೋ ವಾಟ್ಸ್‌ಆಪ್‌ನಂಥ ಸಂದೇಶದಿಂದಲೋ ಬಂದ ಆಪ್ ಒಂದು ಎಸ್‌ಎಂಎಸ್ ಓದುವ, ನೋಟಿಫಿಕೇಶನ್ ಓದುವ ಅಥವಾ ಪರದೆಯ ಮೇಲೆ ಹಿಡಿತ ಸಾಧಿಸುವ ಅನುಮತಿ ಕೇಳುವಂಥದ್ದಾದರೆ ಪ್ಲೇ ಪ್ರೊಟೆಕ್ಟ್ ಅದನ್ನು ತಾನಾಗಿಯೇ ತಡೆಯುತ್ತದೆ. ಕಳ್ಳನಿಗೆ ಬೇಕಾದದ್ದು ಇವೇ ಅನುಮತಿಗಳು. ನನ್ನ ವಿದ್ಯಾರ್ಥಿಗಳ ಆಪ್‌ಗೆ ಇವುಗಳಲ್ಲಿ ಒಂದೂ ಬೇಡ. ಕಾಕನ ಫೋನಿನಲ್ಲಿ ಆ ಕಾವಲು ಇದ್ದಿದ್ದರೆ ಮದುವೆಯ ಆಮಂತ್ರಣ ಬಾಗಿಲಲ್ಲೇ ನಿಲ್ಲುವ ಸಾಧ್ಯತೆ ಇತ್ತು, ಸ್ಕಾಲರ್‌ಶಿಪ್ ಆಪ್ ಒಳಬರುತ್ತಿತ್ತು. ನನ್ನ ಅಭಿಪ್ರಾಯ ಇಷ್ಟು: ಆಪ್ ಏನು ಕೇಳುತ್ತದೆ ಎಂದು ನೋಡಿ ತಡೆಯಿರಿ, ಬಾಗಿಲನ್ನು ನಿಧಾನ ಮಾಡಿ, ಹತ್ತು ಬಾರಿ ಎಚ್ಚರಿಸಿ. ಆದರೆ ಬಡ ಊರಿನ ಹುಡುಗಿಯೊಬ್ಬಳು ಮಾಡಿದ ಆಪ್ ನನ್ನ ಫೋನಿನಲ್ಲಿ ಕೂರಬೇಕೇ ಬೇಡವೇ ಎಂಬ ಕೊನೆಯ ಮಾತು ಫೋನಿಗೆ ಹಣ ಕೊಟ್ಟ ನನ್ನದಾಗಿರಬೇಕು. ಕಳ್ಳರಿಗೆ ಇನ್ನೊಬ್ಬರ ಗುರುತಿನ ಚೀಟಿ ಸಂಪಾದಿಸುವುದು ಕಷ್ಟವಲ್ಲ. ಬೇರೆಯವರ ಹೆಸರಿನ ಸಿಮ್, ಬಾಡಿಗೆ ಬ್ಯಾಂಕ್ ಖಾತೆ ಇವೆಲ್ಲ ಅವರ ಬಳಿ ಇರುವುದನ್ನು ನಾವು ದಿನಾ ಪತ್ರಿಕೆಯಲ್ಲಿ ಓದುತ್ತೇವೆ. ಚೀಟಿ ಕೊಡಲು ಹಿಂಜರಿಯುವವರು ಯಾರೆಂದರೆ ನಮ್ಮ ಹುಡುಗಿಯರ ಮನೆಯವರು.

ಗದ್ದಲದ ಫಲವೋ ಏನೋ, 2025ರ ನವೆಂಬರ್‌ನಲ್ಲಿ ಗೂಗಲ್ ಎರಡು ಸಡಿಲಿಕೆ ಪ್ರಕಟಿಸಿತು. ಅಪಾಯ ತಿಳಿದೂ ಹಾಕಿಕೊಳ್ಳುತ್ತೇನೆ ಎನ್ನುವ ಅನುಭವಸ್ಥರಿಗೆ ಪ್ರತ್ಯೇಕವಾದ ಒಂದು ಮುಂದುವರಿದ ವಿಧಾನ, ಬೆದರಿಸಿ ಅವಸರ ಮಾಡುವ ವಂಚಕರಿಗೆ ಸುಲಭವಾಗದ ಹಾಗೆ. ಮತ್ತು ವಿದ್ಯಾರ್ಥಿಗಳಿಗೆ, ಹವ್ಯಾಸಿಗಳಿಗೆ ಕಡಿಮೆ ಕಟ್ಟುಪಾಡಿನ ಬೇರೆ ಖಾತೆ, ಆದರೆ ಸೀಮಿತ ಸಂಖ್ಯೆಯ ಫೋನುಗಳಿಗೆ ಮಾತ್ರ. ಮೊದಲನೆಯದನ್ನು ನಾನು ಸ್ವಾಗತಿಸುತ್ತೇನೆ. ಎರಡನೆಯದು ನಮ್ಮಂಥವರಿಗೆ ಸಾಲದು, ಏಕೆಂದರೆ ನಮ್ಮ ಆಪ್ ಈಗಾಗಲೇ ಮುನ್ನೂರರಷ್ಟು ಫೋನುಗಳಲ್ಲಿದೆ.

ಪೋಷಕರಲ್ಲಿ ಒಂದು ಬಿನ್ನಹ. ಇಂದು ಮನೆಗೆ ಹೋದ ಕೂಡಲೇ ಫೋನಿನ ಸೆಟ್ಟಿಂಗ್ ತೆರೆದು ‘ಅಪರಿಚಿತ ಆಪ್‌ಗಳನ್ನು ಇನ್‌ಸ್ಟಾಲ್ ಮಾಡಿ’ ಎಂಬ ಪಟ್ಟಿ ನೋಡಿ. ವಾಟ್ಸ್‌ಆಪ್, ಕ್ರೋಮ್, ಯಾವುದಕ್ಕೆ ಅನುಮತಿ ಇದ್ದರೂ ತೆಗೆಯಿರಿ. ಪ್ಲೇ ಪ್ರೊಟೆಕ್ಟ್ ಆನ್ ಮಾಡಿ. ಮದುವೆ ಆಮಂತ್ರಣ, ಟ್ರಾಫಿಕ್ ದಂಡ, ಬ್ಯಾಂಕ್ ಕೆವೈಸಿ, ಯಾವ ಹೆಸರಿನಲ್ಲಿ ಬಂದರೂ ಕಡತದ ಕೊನೆಗೆ ಎಪಿಕೆ ಎಂದಿದ್ದರೆ ಮುಟ್ಟಬೇಡಿ. ನನ್ನ ನಂಬರಿನಿಂದ ಬಂದರೂ ಮೊದಲು ನನಗೆ ಫೋನ್ ಮಾಡಿ ಕೇಳಿ. ಹಣ ಹೋದರೆ ನಾಚಿಕೊಂಡು ಕೂರದೆ ಆ ಕ್ಷಣವೇ 1930ಕ್ಕೆ ಕರೆ ಮಾಡಿ. ಇಷ್ಟನ್ನು ಅಂದಿನ ಸಭೆಯಲ್ಲೇ ನಾನು ಹೇಳಬೇಕಾಗಿತ್ತು.

ಇನ್ನು ಆ ಆಪ್‌ನ ಕಥೆ. ಅದನ್ನು ನೋಂದಾಯಿಸಲೇಬೇಕು ಎಂದು ನಾವು ನಿರ್ಧರಿಸಿದ್ದೇವೆ, ನಿಯಮ ನಮಗೆ ಇಷ್ಟವಿದ್ದರೂ ಇಲ್ಲದಿದ್ದರೂ. ಹೆಚ್ಚಿನ ಭಾಗವನ್ನು ಬರೆದ ಹುಡುಗಿ ಈಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ. ತನ್ನ ಹೆಸರು ಕೊಡಲು ಅವಳಿಗೆ ಅಡ್ಡಿಯಿಲ್ಲ. ಆದರೆ ಅವಳ ಉಮ್ಮ, ‘ಮನೆಯ ವಿಳಾಸ, ಫೋನ್ ನಂಬರು ಯಾಕೆ ಕೊಡಬೇಕು ಮಾಸ್ಟ್ರೇ, ನಾಳೆ ಯಾರಾದರೂ ತೊಂದರೆ ಮಾಡಿದರೆ?’ ಎಂದು ಕೇಳಿದಾಗ ನನ್ನಲ್ಲಿ ಸರಿಯಾದ ಉತ್ತರ ಇರಲಿಲ್ಲ. ನನ್ನ ಹೆಸರು ಕೊಡಬಹುದು, ಆದರೆ ಕೆಲಸ ಅವಳದ್ದು. ಸಂಘದ ಹೆಸರಿನಲ್ಲಿ ಮಾಡಬೇಕಾದರೆ ಸಂಸ್ಥೆಗಳಿಗೆ ಕೊಡುವ ಡನ್ಸ್ ಸಂಖ್ಯೆ ಬೇಕು, ವೆಬ್‌ಸೈಟ್ ಬೇಕು. ನಮ್ಮ ಸಂಘದ ವೆಬ್‌ಸೈಟಿಗೆ ಹಣ ಕಟ್ಟದೆ ಅದು ನಿಂತು ಎಷ್ಟು ಕಾಲವಾಯಿತೆಂದು ಕಾರ್ಯದರ್ಶಿಗಳಿಗೆ ಗೊತ್ತು, ಅವರು ಇಲ್ಲೇ ಮುಂದಿನ ಸಾಲಿನಲ್ಲಿ ಕುಳಿತಿದ್ದಾರೆ. ಮುಂದಿನ ಕಾರ್ಯಕಾರಿ ಸಮಿತಿ ಸಭೆಯಲ್ಲಿ ಈ ವಿಷಯವನ್ನು ತೆಗೆದುಕೊಳ್ಳುವುದಾಗಿ ಅಧ್ಯಕ್ಷರು ಹೇಳಿದ್ದಾರೆ. ಆ ಸಭೆಗೆ ಕಾಕನನ್ನೂ ಕರೆಯಿರಿ ಎಂದು ನಾನು ಕೇಳಿಕೊಂಡಿದ್ದೇನೆ. ಅವರ ಮೊಮ್ಮಗಳಿಗೆ ಆ ವರ್ಷ ವಿದ್ಯಾರ್ಥಿವೇತನ ಮಂಜೂರಾಗಿತ್ತು. ಅರ್ಜಿಯ ಕೊನೆಯ ದಿನ ನೆನಪಿಸಿದ್ದು ಇದೇ ಆಪ್.